ಬೆನ್ನುನೋವು

ಸುಬೇದಾರ ಚಮನಸಾಬರು ಬಾಗಿಲಲ್ಲಿ ನಿಂತದ್ದನ್ನು ಕಂಡು ಹೊಳಬಸಪ್ಪ ಸೆಲ್ಯೂಟ್ ಹೊಡೆಯಲು ಕೈ ಎತ್ತಿದವನು ಅರ್ಧಕ್ಕೇ ಇಳಿಸಿಬಿಟ್ಟ. ಪಲ್ಟಣ ಬಿಟ್ಟು ಹುನಗುಂದಕ್ಕೆ ಬಂದು ಎರಡು ವರ್ಷವಾಗಿತ್ತು. ಇವರೊಬ್ಬರು ಮಾತ್ರ ಈ ಮನೆಗೆ ಬಾರದಿರಲಿ ಎಂದು ಅವನು ಬೇಡಿಕೊಳ್ಳದ ದಿನವಿರಲಿಲ್ಲ.

ಚಮನಸಾಬರು ಆ ವರ್ಷವೇ ನಿವೃತ್ತರಾಗಿ ಇಳಕಲ್ಲಿನ ತಮ್ಮ ಮನೆಗೆ ಮರಳಿದ್ದರು. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ತಾಯಿ ಗುರುಲಿಂಗವ್ವ ಎದ್ದು ನೀರು ಕೊಟ್ಟು, ಚಹಾಕ್ಕಿಡಲು ಒಳಗೆ ಹೋದಳು. ಸುಬೇದಾರರು ಬಂದ ಕೆಲಸ ಹೇಳಿದರು. ಹದಿನೈದನೇ ಆಗಸ್ಟಿಗೆ ತಾಲೂಕಿನ ಮಾಜಿ ಸೈನಿಕರೆಲ್ಲ ಪರೇಡಿನಲ್ಲಿ ನಡೆಯುವುದೆಂದು ಗೊತ್ತುಮಾಡಿದ್ದಾರೆ, ಹೊಳಬಸಪ್ಪನೂ ಬರಬೇಕು.

ತನಗೆ ಬೆನ್ನುನೋವು, ಆಗುವುದಿಲ್ಲ ಎಂದ ಹೊಳಬಸಪ್ಪ. ಊರಿಗೆ ಬಂದ ದಿನ ತಾಯಿಗೆ ಹೇಳಿದ್ದೂ ಅದನ್ನೇ, ಬೆನ್ನುನೋವೆಂದು ಮಿಲಿಟರಿಯವರು ಮನೆಗೆ ಕಳಿಸಿದರೆಂದು. ಸುಬೇದಾರರು ಒಳಗಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. ಪಲ್ಟಣದ ಸುದ್ದಿ ಇಲ್ಲಿಯ ಕೆಲವರಿಗೆ ಮುಟ್ಟಿದೆ. ಹೊಳಬಸಪ್ಪ ಸಾಲಿನಲ್ಲಿದ್ದರೆ ತಾವು ನಿಲ್ಲುವುದಿಲ್ಲ, ಅಂಥವರಿಂದ ಸೈನ್ಯದ ಮರ್ಯಾದೆ ಹೋಗುತ್ತದೆ ಎಂದು ಇಬ್ಬರು ಹಟ ಹಿಡಿದಿದ್ದಾರೆ. ಅವನು ಬಂದೇ ಬರುತ್ತಾನೆ, ಬಿಡುವವರು ಬಿಡಲಿ ಎಂದು ತಾವೇ ಅವರಿಗೆ ಹೇಳಿ ಬಂದಿರುವುದಾಗಿ ಸುಬೇದಾರರು ತಿಳಿಸಿದರು.

ಚಹಾದ ಕಪ್ಪುಗಳನ್ನು ಹಿಡಿದು ಗುರುಲಿಂಗವ್ವ ಬಾಗಿಲಲ್ಲೇ ನಿಂತಿದ್ದಳು.

"ಎಂಥವರಿಂದ ಮರ್ಯಾದಿ ಹೋಗ್ತದ್ರಿ, ಸಾಹೇಬ್ರ?"

ಅವಳು ಕಪ್ಪುಗಳನ್ನು ಕೆಳಗಿಟ್ಟು ಮಗನ ಎದುರಿಗೆ ಕೂತಳು. ಬೆನ್ನುನೋವಿನ ಮಗ ಅಡತಿ ಅಂಗಡಿಯಲ್ಲಿ ಕಾಳು ತುಂಬಿದ ಚೀಲ ಹೊರುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಎಪ್ಪತ್ತೊಂದರ ಯುದ್ಧದಿಂದ ಓಡಿಬಂದಿದ್ದಾನೆ ಎಂದೇ ತಿಳಿದಿದ್ದಳು. ಅದೇ ಯುದ್ಧದಲ್ಲಿ ಹಿಂದಿನ ಓಣಿಯ ತಾಯವ್ವನ ಮಗ ಯಮನಪ್ಪ ಸತ್ತಿದ್ದ. ತಾಯವ್ವನ ಮುಖ ನೋಡುವ ಧೈರ್ಯವಿಲ್ಲದೆ ಗುರುಲಿಂಗವ್ವ ಆ ಓಣಿಯನ್ನೇ ಬಿಟ್ಟು, ಸುತ್ತು ಹಾಕಿ ನೀರಿಗೆ ಹೋಗುತ್ತಿದ್ದಳು.

"ಓಡಿ ಬಂದೀಯಲ್ಲ? ಹೇಳಿಬಿಡು," ಎಂದಳು.

ಹಾಗೇನಿಲ್ಲ, ಬೆನ್ನಿನದೇ ತೊಂದರೆ ಎಂದು ಸುಬೇದಾರರು ಶುರುಮಾಡಿದರು. ಹೊಳಬಸಪ್ಪ ಕೈ ಅಡ್ಡ ಮಾಡಿ ತಡೆದ. ತಾಯಿಯ ಕಣ್ಣಿನಲ್ಲಿ ತಾನು ಇಷ್ಟು ದಿನ ಹೇಡಿಯಾಗಿದ್ದೆ ಎಂಬುದು ಅವನಿಗೆ ಗೊತ್ತಾದದ್ದೇ ಆಗ.

"ಓಡಿ ಬಂದಿಲ್ಲ ಯವ್ವಾ, ತೆಗೆದು ಹಾಕಿದ್ರು. ನನಗ ಹೆಣ್ಣಿನ ಮ್ಯಾಲ ಮನಸಿಲ್ಲ, ಮೊದಲಿಂದಾನೂ ಇಲ್ಲ. ಪಲ್ಟಣದಾಗ ದತ್ತು ಅಂತ ಒಬ್ಬ ಇದ್ದ, ಕೊಲ್ಲಾಪುರದ ಕಡಿಯವ. ಅವನ ಮ್ಯಾಲ ನನ್ನ ಜೀವ ಇತ್ತು. ಗಂಡ ಹೆಂಡ್ತಿ ಇದ್ದಂಗ ಇದ್ವಿ. ಅದು ಗೊತ್ತಾಗಿ ಇಬ್ಬರನ್ನೂ ಮನಿಗೆ ಕಳಿಸಿದ್ರು."

ಬಂದ ಹೆಣ್ಣುಗಳನ್ನೆಲ್ಲ ಅವನು ಒಲ್ಲೆನೆಂದು ತಿರುಗಿಸಿದ್ದು ಗುರುಲಿಂಗವ್ವನಿಗೆ ನೆನಪಾಗಿರಬೇಕು. ಅವಳು ಮಗನನ್ನು ಬಿಟ್ಟು ಸುಬೇದಾರರ ಕಡೆ ತಿರುಗಿದಳು.

"ಯುದ್ಧದಾಗ ಇದ್ನೇನ್ರಿ ಇವ?"

"ಮುಗಿಯೂತನಕ ಇದ್ದ, ಅವ್ವಾರ. ಕಾಲುವಿ ದಾಟೂ ದಿನ ಗುಂಡಿಗೆ ಅಂಜಿ ನಾವೆಲ್ಲ ನೆಲಕ್ಕ ಹತ್ತಿ ಮಲಗಿದ್ವಿ. ಮೊದಲ ಎದ್ದಾವ ಇವ. ಈಗ ಇವನ ಸಂಗಾಟ ನಿಂದ್ರಾಕ ಒಲ್ಲೆ ಅಂತಾರಲ್ಲ, ಅವರೊಳಗ ಒಬ್ಬ ಅವತ್ತ ಇವನ ಹಿಂದಿಂದನ ಎದ್ದು ಬಂದಾವ."

ಪಲ್ಟಣದ ವಿಚಾರಣೆಯಲ್ಲಿ ಸುಬೇದಾರರನ್ನು ಕೇಳಿದಾಗ, ಇಂಥ ಸಿಪಾಯಿಯನ್ನು ಕಳಕೊಳ್ಳಬೇಡಿ ಎಂದು ಹೇಳಿದ್ದರಂತೆ. ಕಾಯಿದೆ ಅಂದರೆ ಕಾಯಿದೆ ಎಂದು ಮೇಲಿನವರು ಬಾಯಿ ಮುಚ್ಚಿಸಿದರಂತೆ. ಅವನಿಗೆ ಯಾರ ಮೇಲೆ ಮನಸ್ಸು ಎಂಬ ವಿಚಾರ ತಮಗೆ ಬೇಡ. ಪಹರೆಗೆ ಅವನು ನಿಂತಿದ್ದಾನೆಂದರೆ ತಾವು ಚಿಂತೆಯಿಲ್ಲದೆ ನಿದ್ದೆ ಮಾಡುತ್ತಿದ್ದೆವು, ಅದು ಗೊತ್ತು ಎಂದರು ಸುಬೇದಾರರು.

ಗುರುಲಿಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹೊಳಬಸಪ್ಪ ಗಾಬರಿಯಾಗಿ ಹತ್ತಿರ ಸರಿದ. ಅವಳು ಸೆರಗು ತೆಗೆದಾಗ ಕಣ್ಣುಗಳು ಒದ್ದೆಯಾಗಿದ್ದವು, ಆದರೆ ಮುಖ ಜ್ವರ ಬಿಟ್ಟವರ ಮುಖದಂತೆ ಹಗುರಾಗಿತ್ತು.

"ನೀ ಹೇಳಿದ್ದು ನನಗ ಪೂರಾ ತಿಳಿಯೂದಿಲ್ಲ. ಮುಂದ ತಿಳೀತದೋ ಇಲ್ಲೋ, ಅದೂ ಗೊತ್ತಿಲ್ಲ," ಎಂದಳು. "ಖರೆ, ಓಡಿ ಬಂದಿಲ್ಲಲ್ಲ. ನಾಳಿಂದ ತಾಯವ್ವನ ಮನಿ ಮುಂದ ಹಾದು ನೀರಿಗೆ ಹೋಗ್ತೇನಿ."

ಹೊಳಬಸಪ್ಪ ಗೋಡೆಗೆ ಒರಗಿ ಕೂತು, ಆರಿಹೋಗಿದ್ದ ಚಹಾವನ್ನು ಒಂದೇ ಗುಟುಕಿಗೆ ಕುಡಿದ. ಯಾಕೋ ನಗು ಬಂತು. ಪರೇಡಿಗೆ ಬರುತ್ತೇನೆ ಎಂದ. ಬೂಟಿಗೆ ಪಾಲಿಶ್ ಇರಲಿ ಎಂದು ಹೇಳಿ ಸುಬೇದಾರರು ಬಸ್ಸಿಗೆ ಎದ್ದರು.

ಅವರನ್ನು ಬಸ್ಸಿಗೆ ಹತ್ತಿಸಿ ಅವನು ಮರಳಿ ಬಂದಾಗ ತಾಯಿ ಮತ್ತೆ ಜೋಳದ ಮುಂದೆ ಕೂತಿದ್ದಳು. ಅವನು ಎದುರಿಗೆ ಕೂತು ತಾನೂ ಹರಳು ಆರಿಸತೊಡಗಿದ. ಸ್ವಲ್ಪ ಹೊತ್ತಿನ ಮೇಲೆ ಅವಳು ತಲೆ ಎತ್ತದೆ ಕೇಳಿದಳು.

"ಆ ದತ್ತೂಗ ತಾಯಿ ಅದಾಳೇನು?"

"ಅದಾಳ ಯವ್ವಾ."

ಅವಳ ಕೈ ನಿಂತಿತು.

"ಅವ ಆಕಿಗೆ ಹೇಳ್ಯಾನೇನು?"