ಬೆನ್ನಿನ ಗುರುತು

"ಯಾರಾದ್ರೂ ಬೆನ್ನು ಕೊಡ್ತೀರಾ?" ಎಂದು ಆಲ್ವಿನ್ ಬ್ರಷ್ ಎತ್ತಿ ಹಿಡಿದಾಗ ಪ್ರವಾಸಿಗರು ನಗುತ್ತ ಹಿಂದೆ ಸರಿದರು. ರೂರ್ ಸೀಮೆಯ ಈ ಪುಟ್ಟ ಊರಿನಲ್ಲಿ, ಮುಚ್ಚಿದ ಕಲ್ಲಿದ್ದಲು ಗಣಿಯ ಸ್ನಾನದ ಮನೆ ತೋರಿಸುವುದು ಈಗ ಅವನ ಕೆಲಸ. ತಾನು ಗಣಿಗೆ ಇಳಿಯುತ್ತಿದ್ದ ಕಾಲದಲ್ಲಿ ಒಬ್ಬರ ಬೆನ್ನು ಇನ್ನೊಬ್ಬರು ಉಜ್ಜದೆ ಯಾರೂ ಮನೆಗೆ ಹೋಗುತ್ತಿರಲಿಲ್ಲ ಎಂದರೆ ಇವರಿಗೆ ತಮಾಷೆ.

ಗುಂಪಿನ ಹಿಂದಿದ್ದ ಬೋಳುತಲೆಯ ಮುದುಕನೊಬ್ಬ ಸದ್ದಿಲ್ಲದೆ ಮುಂದೆ ಬಂದು, ಕೋಟು, ಅಂಗಿ ಬಿಚ್ಚಿ, ಬೆನ್ನು ತಿರುಗಿಸಿ ನಿಂತ. ಎಡ ಭುಜದ ಕೆಳಗೆ, ಕಲ್ಲಿದ್ದಲು ಒಳಗೇ ಉಳಿದು ವಾಸಿಯಾದ ಗಾಯದ ನೀಲಿ ಗೆರೆ, ಥೇಟ್ ಮೀನಿನ ಹಾಗೆ. ಆ ಬೆನ್ನನ್ನು ಆಲ್ವಿನ್ ಹತ್ತೊಂಬತ್ತು ವರ್ಷ ಉಜ್ಜಿದ್ದ.

"ದುರ್ಸುನ್! ಟರ್ಕಿಯಿಂದ ಯಾವಾಗ ಬಂದ್ಯೋ?"

"ಅದೆಲ್ಲ ಆಮೇಲೆ. ಮೊದ್ಲು ಉಜ್ಜೋ, ಸೋಮಾರಿ! ನೀನು ಬಿಟ್ಟ ಮೂಲೆ ಮೂವತ್ತು ವರ್ಷದಿಂದ ತುರಿಸ್ತಾ ಇದೆ!"