ಅಡುಗೆಮನೆಯ ಹಾಡು

"ಅಷ್ಟು ಎಳೀಬೇಡಿ, ಹಾಡಿಗೆ ಸುಸ್ತಾಗುತ್ತೆ," ಎಂದಳು ಆಸ್ಪತ್ರೆಯ ಮಂಚದಲ್ಲಿ ಒರಗಿದ್ದ ಹೆಂಡತಿ. ಪಿಟೀಲು ವಿದ್ವಾಂಸರ ಕಮಾನು ನಿಂತಿತು. ನಲವತ್ತು ವರ್ಷ ಶಾಸ್ತ್ರೀಯ ಸಂಗೀತದಲ್ಲಿ ಪಳಗಿದ ಬೆರಳು ಸಿನಿಮಾ ಹಾಡಿನ ಒಂದು ಸ್ವರವನ್ನೂ ಎಳೆದು ಅಲುಗಿಸದೆ ಬಿಡುತ್ತಿರಲಿಲ್ಲ.

ಹಿಂದೆ ಅವಳು ಅಡುಗೆಮನೆಯಲ್ಲಿ ಈ ಹಾಡನ್ನು ಗುನುಗಿದಾಗಲೆಲ್ಲ ಅವರು ದಢಾರನೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮರೆವಿನ ಕಾಯಿಲೆ ಮಕ್ಕಳ ಹೆಸರನ್ನೂ ಅಳಿಸಿದ ಮೇಲೆ ಅವಳಲ್ಲಿ ಉಳಿದದ್ದು ಈ ಹಾಡೊಂದೇ. ಅದಕ್ಕೇ ಸಿನಿಮಾ ಹಾಡಿನ ವಾದ್ಯಗೋಷ್ಠಿಯಲ್ಲಿ ನುಡಿಸುವ, ಮೊಮ್ಮಗಳ ವಯಸ್ಸಿನ ಹುಡುಗಿಯಿಂದ ಬೈಸಿಕೊಂಡು ತಿಂಗಳುಗಟ್ಟಲೆ ಅದನ್ನು ಕಲಿತಿದ್ದರು.

ಈ ಸಲ ನೆಟ್ಟಗೆ ನುಡಿಸಿದರು. ಮಂಚದ ಕಂಬಿಯ ಮೇಲೆ ಅವಳ ಬೆರಳು ಕೊನೆಯವರೆಗೂ ತಾಳ ಹಾಕಿತು.

"ಈಗ ಸರಿಹೋಯ್ತು," ಎಂದಳು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಬೇಗ ಎತ್ತಿಡಿ. ನಮ್ಮ ಮನೆಯವರು ಬರೋ ಹೊತ್ತಾಯ್ತು. ಅವರಿಗೆ ಈ ಹಾಡು ಕಂಡ್ರೆ ಆಗಲ್ಲ."