ಒದ್ದೆ ಕೈ

ಅಪ್ಪ ಹೋದ ಮೇಲೆ ಮೊದಲ ಸಲ ಇವತ್ತು ಹಿಟ್ಟಿಗೆ ಅರಿಶಿನ ಹಾಕಿ ಕಲಸಿದೆ. ಆ ವಾಸನೆಗೆ ಕೆರೆಯ ಒಂದು ಮಧ್ಯಾಹ್ನ ತಿರುಗಿ ಬಂತು.

ಆಗ ನಾವು ಪರದೇಶದಲ್ಲಿ, ಲೂಕನ್ ಎಂಬ ಊರಲ್ಲಿದ್ದೆವು. ಗಾಳದ ಕ್ಲಬ್ಬಿನ ಸ್ಪರ್ಧೆಗೆ ಅಪ್ಪ ನನ್ನನ್ನೂ ಕರೆದೊಯ್ದಿದ್ದರು. ಉಳಿದವರೆಲ್ಲ ಗಾಳಕ್ಕೆ ಹುಳ ಸಿಕ್ಕಿಸಿದರೆ ಅಪ್ಪ ಅರಿಶಿನದ ಹಿಟ್ಟಿನ ಉಂಡೆ ಸಿಕ್ಕಿಸುತ್ತಿದ್ದರು. ಕೆರೆಗೂ ಆಕಾಶಕ್ಕೂ ಒಂದೇ ಬೂದು ಬಣ್ಣ. ನಡುವೆ ಅಪ್ಪನ ಗಾಳದ ಕೆಂಪು ಬೆಂಡು ತೇಲುತ್ತಿತ್ತು.

ಕೊನೆಗೂ ಒಂದು ಮೀನು ಸಿಕ್ಕಿತು, ಕಂಚಿನ ತಟ್ಟೆಯಷ್ಟು ಅಗಲ. ಸ್ಪರ್ಧೆ ಮುಗಿಯಿತೆಂದು ಸೀಟಿ ಊದಿದ ಮೇಲೆ ಕ್ಲಬ್ಬಿನ ಒಬ್ಬ ಅಜ್ಜ ಅದನ್ನು ತೂಗಿ, "ಗ್ರ್ಯಾಂಡ್!" ಅಂದರು. ಇನ್ನು ಅದನ್ನು ಕೆರೆಗೇ ಬಿಡಬೇಕಂತೆ, ಕ್ಲಬ್ಬಿನ ನಿಯಮ.

"ಕೀಪ್ ಇಟ್, ಅಪ್ಪ! ಬಾತ್‌ಟಬ್ಬಲ್ಲಿ ಇಡೋಣ!" ಎಂದು ನಾನು ಅತ್ತೆ.

"ನಿಮ್ಮಮ್ಮ ನಮ್ಮಿಬ್ಬರನ್ನೂ ಅದರ ಜೊತೆ ಟಬ್ಬಲ್ಲೇ ಮಲಗಿಸ್ತಾಳೆ. ಬಾ, ನೀನೇ ಬಿಡು. ಮೊದಲು ಕೈ ಒದ್ದೆ ಮಾಡ್ಕೋ ಪುಟ್ಟಿ, ಒಣ ಕೈಲಿ ಮುಟ್ಟಿದ್ರೆ ಅದಕ್ಕೆ ನೋವಾಗತ್ತೆ."

ನೀರೊಳಗೆ ನನ್ನ ಅಂಗೈ ಮೇಲೆ ಮೀನು ನುಣ್ಣಗೆ, ತಣ್ಣಗೆ ಉಸಿರಾಡಿತು. ನನ್ನ ಕೈಗಳ ಕೆಳಗೆ ಅಪ್ಪನ ಕೈಗಳಿದ್ದವು.

"ತಳ್ಳಬೇಡ. ಬಿಗಿಯಾಗೂ ಹಿಡೀಬೇಡ. ಸುಸ್ತು ಇಳಿಯಲಿ, ತಾನೇ ಹೋಗತ್ತೆ."

ಬಹಳ ಹೊತ್ತು ಅದು ಹೋಗಲೇ ಇಲ್ಲ. ಆಮೇಲೆ ಯಾವಾಗ ಹೋಯಿತೋ ತಿಳಿಯಲಿಲ್ಲ. ನನ್ನ ಅಂಗೈಯಲ್ಲಿ ನೀರಿತ್ತು, ಅದರ ಕೆಳಗೆ ಇನ್ನೂ ಅಪ್ಪನ ಕೈಯಿತ್ತು.